ಹಳೆಯ ಗ್ರೀನ್ ಕಾರ್ಡ್, ಹೊಸ ಅರ್ಜಿ: ವಕೀಲರೊಂದಿಗೆ ಪ್ರಶ್ನೋತ್ತರ

ಗುಂಪಿನ ನಿರ್ವಾಹಕ: ಅಮೆರಿಕದಲ್ಲಿ ವಲಸೆ ಕಾನೂನಿನ ವಕೀಲರಾಗಿರುವ ನಮ್ಮ ಸಾಗರ ಸೀಮೆಯ ಅಕ್ಕ ತವರಿಗೆ ಬಂದಿದ್ದಾರೆ. ಮಕ್ಕಳು ಮಾಡಿಸಿದ ಗ್ರೀನ್ ಕಾರ್ಡ್ (ಅಮೆರಿಕದ ಕಾಯಂ ನಿವಾಸಿಯ ಕಾರ್ಡ್) ಹಿಡಿದು ಊರಿಗೆ ಮರಳಿ, ವರ್ಷಗಟ್ಟಲೆ ಇಲ್ಲೇ ಉಳಿದು, ಈಗ ಮತ್ತೆ ಹೋಗಬೇಕೆನ್ನುವವರು ನಮ್ಮಲ್ಲಿ ಬಹಳ ಜನ ಇದ್ದೀರಿ. ಪ್ರಶ್ನೆಗಳನ್ನು ಇಲ್ಲೇ ಕೇಳಿ. ಅವರ ಕಡೆ ಮಳೆ ಜೋರು. ಕರೆಂಟು ಇದ್ದಾಗ ಉತ್ತರಿಸುತ್ತಾರೆ.

ವಿನೋಬನಗರ, ಶಿವಮೊಗ್ಗ: ನಮಸ್ಕಾರ ಮೇಡಂ. ನನ್ನ ಕಾರ್ಡಿನ ಮೇಲೆ 2028 ಎಂದಿದೆ. ಮೂರು ವರ್ಷದಿಂದ ಊರಲ್ಲಿದ್ದೇನೆ. ಕಾರ್ಡ್ ಇನ್ನೂ ನಡೆಯುತ್ತದೆ ತಾನೆ?

ವಕೀಲರು: ನಮಸ್ಕಾರ. ಕಾರ್ಡಿನ ಮೇಲಿನ ದಿನಾಂಕ ಬೇರೆ, ಕಾಯಂ ನಿವಾಸದ ಹಕ್ಕು ಬೇರೆ. ಹೊರಗೆ ಒಂದು ವರ್ಷ ತುಂಬಿತೆಂದರೆ ಆ ಕಾರ್ಡ್ ಪ್ರಯಾಣದ ದಾಖಲೆಯಾಗಿ ಕೆಲಸಕ್ಕೆ ಬರುವುದಿಲ್ಲ. ವಿಮಾನದವರೇ ಹತ್ತಿಸಿಕೊಳ್ಳದಿರಬಹುದು. ನಿಮ್ಮ ಮುಂದಿರುವ ದಾರಿ ಎರಡು. ಮೊದಲನೆಯದು ಎಸ್‌ಬಿ-1, ಅಂದರೆ ಮರಳುವ ನಿವಾಸಿಯ ವೀಸಾ. ಹೊರಟಾಗ ನಾನು ಕಾಯಂ ನಿವಾಸಿಯಾಗಿದ್ದೆ, ಮರಳುವ ಮನಸ್ಸು ಮೊದಲಿನಿಂದಲೂ ಇತ್ತು, ತಡವಾದದ್ದು ಕೈಮೀರಿದ ಕಾರಣದಿಂದ; ಈ ಮೂರನ್ನೂ ಕಾಗದದಲ್ಲಿ ತೋರಿಸಬೇಕು. ತೋಟ ನೋಡಿಕೊಳ್ಳುವವರಿರಲಿಲ್ಲ ಎನ್ನುವುದು ಕೈಮೀರಿದ ಕಾರಣ ಆಗುವುದಿಲ್ಲ. ಎರಡನೆಯದು, ಹಳೆಯದನ್ನು ಮರೆತು ಹೊಸದಾಗಿ ಹೋಗುವುದು. ಪೌರತ್ವ ಪಡೆದ, 21 ತುಂಬಿದ ಮಗನೋ ಮಗಳೋ ಇದ್ದರೆ ಐ-130, ಅಂದರೆ ಬಂಧುವನ್ನು ಕರೆಸಿಕೊಳ್ಳುವ ಅರ್ಜಿ ಹಾಕಲಿ. ತಂದೆ ತಾಯಿಗೆ ವರ್ಷಕ್ಕಿಷ್ಟೇ ಎಂಬ ಮಿತಿ ಇಲ್ಲ, ಸರದಿಯೂ ಇಲ್ಲ. ಕಾರ್ಡ್ ಬಿಟ್ಟುಹೋದದ್ದು ಅಪರಾಧವಲ್ಲ. ಕಾನೂನು ಅದಕ್ಕಾಗಿ ನಿಮ್ಮನ್ನು ಶಿಕ್ಷಿಸುವುದಿಲ್ಲ.

ಹೊಸನಗರ: ನಮ್ಮ ಇನ್ನೊಂದು ಗುಂಪಿನಲ್ಲಿ ಬಂದದ್ದು, ಎಲ್ಲರಿಗೂ ಉಪಯೋಗವಾಗಲಿ: "ಗ್ರೀನ್ ಕಾರ್ಡ್ ಇರುವವರು ಆರು ತಿಂಗಳಿಗೊಮ್ಮೆ ಹೋಗಿ ಹದಿನೈದು ದಿನ ಇದ್ದು ಬಂದರೆ ಜೀವಮಾನವಿಡೀ ಚಿಂತೆಯಿಲ್ಲ. ಅವಧಿ ಮುಗಿದಿದ್ದರೆ ಮುಂಬೈಗೆ ಹೋಗಿ ದಂಡ ಕಟ್ಟಿದರೆ ಕಾರ್ಡ್ ಮತ್ತೆ ಚಾಲ್ತಿಗೆ ಬರುತ್ತದೆ. ವಿಮಾನ ನಿಲ್ದಾಣದಲ್ಲಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ."

ವಕೀಲರು: ದಂಡ ಕಟ್ಟುವ ಪದ್ಧತಿಯೇ ಇಲ್ಲ. ಅದು ಗ್ರಂಥಾಲಯದ ಪುಸ್ತಕವಲ್ಲ. ಆರು ತಿಂಗಳ ಲೆಕ್ಕವೂ ತಪ್ಪು. ಮನೆ, ಬ್ಯಾಂಕು, ತೆರಿಗೆ, ಬದುಕು ಎಲ್ಲ ತೀರ್ಥಹಳ್ಳಿಯಲ್ಲಿಟ್ಟು ಹದಿನೈದು ದಿನಕ್ಕೆ ಹೋಗಿಬಂದರೆ, ನೀವು ಅಲ್ಲಿನ ನಿವಾಸಿಯಲ್ಲ, ನೆಂಟರು ಎಂದು ಅಧಿಕಾರಿ ಹೇಳಬಹುದು. ಕೊನೆಯ ಮಾತಿನಲ್ಲಿ ಮಾತ್ರ ಅರ್ಧ ಸತ್ಯವಿದೆ. ಐ-407 ಎಂಬುದು ಹಕ್ಕನ್ನು ಬಿಟ್ಟುಕೊಡುವ ಪತ್ರ, ಅದಕ್ಕೆ ಸಹಿ ಹಾಕಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ವಲಸೆ ನ್ಯಾಯಾಧೀಶರ ಮುಂದೆ ವಾದಿಸುವ ಹಕ್ಕಿದೆ. ಆದರೆ ಎಪ್ಪತ್ತರ ವಯಸ್ಸಿನಲ್ಲಿ ನ್ಯಾಯಾಲಯ ಸುತ್ತುವ ಲೆಕ್ಕಾಚಾರ ಹಾಕಿ ವಿಮಾನ ಹತ್ತಬೇಡಿ.

ಕೊಪ್ಪ: ಹೆಚ್ಚು ಕಾಲ ಹೊರಗಿದ್ದು ಮರಳಲು ಕೊಡುವ ರೀ-ಎಂಟ್ರಿ ಪರ್ಮಿಟ್‌ಗೆ ಇಲ್ಲಿಂದಲೇ ಅರ್ಜಿ ಹಾಕಬಹುದೇ?

ವಕೀಲರು: ಇಲ್ಲ. ಅರ್ಜಿ ಹಾಕುವ ದಿನ ಅಮೆರಿಕದಲ್ಲಿ ಇರಬೇಕು. ಸಾಮಾನ್ಯವಾಗಿ ಎರಡು ವರ್ಷಕ್ಕೆ ಕೊಡುತ್ತಾರೆ, ವಿಸ್ತರಣೆ ಇಲ್ಲ.

ತೀರ್ಥಹಳ್ಳಿ ತೋಟದಮನೆ: ನಮಸ್ಕಾರ ಅಮ್ಮ. ನನಗೆ 69. ಮಗ ಅಲ್ಲಿನ ಪೌರ. ಅವನ ಮೂಲಕ ನನಗೂ ನನ್ನ ಹೆಂಡತಿಗೂ 2011ರಲ್ಲಿ ಕಾರ್ಡ್ ಬಂತು. 2016ರಲ್ಲಿ ನನ್ನ ತಾಯಿ ಬಿದ್ದು ಸೊಂಟ ಮುರಿದುಕೊಂಡರು, ಬಂದೆವು. ಅವರು 2018ರಲ್ಲಿ ಹೋದರು. 2019ರ ಡಿಸೆಂಬರಿನಲ್ಲಿ ಹೆಂಡತಿಗೆ ಪಾರ್ಶ್ವವಾಯು, ಮಣಿಪಾಲದಲ್ಲಿ ಇಪ್ಪತ್ತು ದಿನ. ಆಮೇಲೆ ಕೊರೊನಾ. 2021ರಲ್ಲಿ ಕಾರ್ಡಿನ ಅವಧಿ ಮುಗಿಯಿತು. ಈಗ ಅವಳು ಕೋಲು ಹಿಡಿದು ಓಡಾಡುತ್ತಾಳೆ. ಮಗ ಕರೆಯುತ್ತಿದ್ದಾನೆ. ಕೈಮೀರಿದ ಕಾರಣ ನಮಗಿಲ್ಲವೇ? ಇನ್ನೊಂದು, 2023ರಲ್ಲಿ ಪ್ರವಾಸಿ ವೀಸಾಕ್ಕೆ ಪ್ರಯತ್ನಿಸಿದ್ದೆ, ತಿರಸ್ಕರಿಸಿದರು. ಅದು ಮುಖ್ಯವಲ್ಲ ಅಂದುಕೊಂಡಿದ್ದೇನೆ.

ವಕೀಲರು: ರಾಯರೇ, ಅದೇ ಮುಖ್ಯ. ಉಳಿದದ್ದಕ್ಕೆ ಮೊದಲು ಉತ್ತರಿಸಿಬಿಡುತ್ತೇನೆ. ಎಸ್‌ಬಿ-1 ನಿಮಗೆ ಕಷ್ಟ. ಕಾಯಿಲೆ ಬಂದದ್ದು 2019ರ ಕೊನೆಯಲ್ಲಿ, ನೀವು ಬಂದದ್ದು 2016ರಲ್ಲಿ. ನಡುವಿನ ಮೂರು ವರ್ಷವನ್ನು ಅಧಿಕಾರಿ ಬೆರಳಿಟ್ಟು ಕೇಳುತ್ತಾರೆ. ಭಾರತದಿಂದ ಮಾಮೂಲಿ ಅಂತರರಾಷ್ಟ್ರೀಯ ವಿಮಾನಗಳು 2020ರ ಮಾರ್ಚ್ 23ರಿಂದ ನಿಂತು 2022ರ ಮಾರ್ಚ್ 27ಕ್ಕೆ ಮತ್ತೆ ಆರಂಭವಾದವು. ಅದರ ನಂತರದ ವರ್ಷಗಳಿಗೆ ಕೊರೊನಾದ ಹೆಸರು ಹೇಳುವಂತಿಲ್ಲ. ಮಗನ ಹೊಸ ಐ-130 ಸರಿಯಾದ ದಾರಿ.

ಈಗ ಹೇಳಿ: 2023ರ ಅರ್ಜಿಯನ್ನು ತುಂಬಿದವರು ಯಾರು? ಅದರಲ್ಲಿ "ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಹಾಕಿದ್ದಾರೆಯೇ" ಎಂಬ ಪ್ರಶ್ನೆಗೆ ಏನೆಂದು ಉತ್ತರಿಸಿದಿರಿ?

ತೀರ್ಥಹಳ್ಳಿ ತೋಟದಮನೆ: ಏಜೆಂಟರೊಬ್ಬರು ತುಂಬಿದರು. ನಾನು ಓದಲಿಲ್ಲ. ಗ್ರೀನ್ ಕಾರ್ಡ್ ಹಳೆಯ ಕಥೆ, ಹೇಳಿದರೆ ಗೊಂದಲವಾಗುತ್ತದೆ ಎಂದು "ಇಲ್ಲ" ಎಂದು ಹಾಕಿದ್ದಾಗಿ ಆಮೇಲೆ ಹೇಳಿದರು.

ರಿಪ್ಪನ್‌ಪೇಟೆ: ಮೇಡಂ, ನನ್ನ ಕಾರ್ಡ್ 2027ರವರೆಗೆ ಇದೆ, ನಾಲ್ಕು ವರ್ಷದಿಂದ ಹೋಗಿಲ್ಲ. ಹೋಗಬಹುದೇ?

ವಕೀಲರು: ಮೇಲೆ ಓದಿ.

ಸಾಗರದ ಮೇಷ್ಟ್ರು: ನನ್ನದೊಂದು ಮಾತು. ಹಿರಿಯರು ಬೇಸರಿಸಬಾರದು. ಅಡಿಕೆಗೆ ಇಷ್ಟು ಬೆಲೆ ಬಂದಿರುವ ಕಾಲದಲ್ಲಿ, ಅಜ್ಜ ನೆಟ್ಟ ತೋಟವನ್ನು ಕೊಳೆರೋಗಕ್ಕೆ ಒಪ್ಪಿಸಿ ಅಲ್ಲಿ ಮೊಮ್ಮಗನ ಗಾಡಿ ತಳ್ಳುವುದಕ್ಕೆ ಇಷ್ಟು ಅರ್ಜಿ ಯಾಕೆ?

ಹೊಸನಗರ: ಮೇಷ್ಟ್ರೇ, ನಿಮ್ಮ ಇಬ್ಬರು ಮಕ್ಕಳೂ ಸಾಗರದಲ್ಲೇ ಇದ್ದಾರೆ. ನಿಮಗೆ ಈ ಮಾತು ಸುಲಭ.

ಸಾಗರದ ಮೇಷ್ಟ್ರು: ಇರಿಸಿಕೊಂಡೆ, ಹಾಗಾಗಿ ಇದ್ದಾರೆ.

ಕೊಪ್ಪ: ಇರಿಸಿಕೊಳ್ಳಲು ಅವರೇನು ದನಕರುಗಳೇ? ಎಲೆಚುಕ್ಕೆ ರೋಗ ಬಂದ ಮೇಲೆ ನಮ್ಮ ತೋಟದಲ್ಲಿ ಅರ್ಧ ಫಸಲಿಲ್ಲ. ಬೋರ್ಡೋ ಔಷಧಿ ಹೊಡೆಯುವವರಿಲ್ಲ, ಅಡಿಕೆ ಕೊನೆ ತೆಗೆಯುವವರಿಲ್ಲ. ಸಾಗರ ಪೇಟೆಯಲ್ಲಿ ಕುಳಿತು ತೋಟದ ಉಪದೇಶ ಮಾಡಬೇಡಿ.

ವಕೀಲರು: ಅಡಿಕೆಯ ಜಗಳ ಮುಗಿದಿದ್ದರೆ ನಾನು ಮುಂದುವರಿಯುತ್ತೇನೆ. ಕರೆಂಟು ಹೋಗಿತ್ತು, ಮೊಬೈಲಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ತಪ್ಪಿದ್ದರೆ ಕ್ಷಮಿಸಿ.

ತೋಟದಮನೆಯವರೇ, ಏಜೆಂಟ್ ತುಂಬಿದರೂ ಅರ್ಜಿ ನಿಮ್ಮದು. ಕೊನೆಯಲ್ಲಿ ಒತ್ತುವ ಗುಂಡಿಯೇ ನಿಮ್ಮ ಸಹಿ. ವೀಸಾ ಪಡೆಯಲು ಮುಖ್ಯ ವಿಷಯವನ್ನು ಬೇಕೆಂದೇ ಮರೆಮಾಚಿದಿರಿ ಎಂದು ಮುಂಬೈಯ ಅಮೆರಿಕ ದೂತಾವಾಸದ ಅಧಿಕಾರಿ ತೀರ್ಮಾನಿಸಿದರೆ, ಅದು ಜೀವನಪರ್ಯಂತದ ತಡೆ. ಅಂದು ವೀಸಾ ಸಿಗಲಿಲ್ಲವೆಂಬುದು ಸಮಾಧಾನದ ಮಾತಲ್ಲ, ಪ್ರಯತ್ನಿಸಿದರೂ ಸಾಕು. ನಿಮಗೆ ಗೊತ್ತಿಲ್ಲದೆ ನಡೆಯಿತು ಎಂದು ವಾದಿಸಬಹುದು, ನಿಜವಿದ್ದರೆ ವಾದಿಸಲೂ ಬೇಕು. ಆದರೆ ಮಗನ ಅರ್ಜಿ, ನಿಮ್ಮ ಹಳೆಯ ಕಾರ್ಡ್, 2023ರ ಉತ್ತರ ಎಲ್ಲವೂ ಅವರ ಕಡತದಲ್ಲಿ ಅಕ್ಕಪಕ್ಕ ಕುಳಿತಿರುತ್ತವೆ.

ತಡೆ ಬಂದರೆ ಮಾಫಿಗೆ ಐ-601 ಎಂಬ ಅರ್ಜಿ ಇದೆ. ನನ್ನ ಹತ್ತಿರ ಬರುವ ಹೆಚ್ಚಿನ ತಂದೆ ತಾಯಂದಿರು ಮುಗ್ಗರಿಸುವುದು ಇಲ್ಲೇ. ನೀವು ಬಾರದಿದ್ದರೆ ಅತೀವ ಕಷ್ಟಕ್ಕೊಳಗಾಗುವ ಬಂಧುವೊಬ್ಬರನ್ನು ತೋರಿಸಬೇಕು, ಮತ್ತು ಆ ಬಂಧು ಅಮೆರಿಕದ ಪೌರರೋ ಕಾಯಂ ನಿವಾಸಿಯೋ ಆದ ಗಂಡ, ಹೆಂಡತಿ, ತಂದೆ ಅಥವಾ ತಾಯಿ ಆಗಿರಬೇಕು. ಮಗನ ಹೆಸರು ಆ ಪಟ್ಟಿಯಲ್ಲಿಲ್ಲ. ನಿಮ್ಮನ್ನು ಕರೆಸಿಕೊಳ್ಳುವ ಹಕ್ಕು ಮಗನಿಗಿದೆ, ಆದರೆ ನಿಮ್ಮ ತಪ್ಪನ್ನು ಅವನ ಕಷ್ಟದ ಹೆಸರಿನಲ್ಲಿ ಮಾಫಿ ಮಾಡಿಸಲು ಬರುವುದಿಲ್ಲ.

ಹಾಗಾಗಿ ಕೇಳುತ್ತೇನೆ: 2023ರಲ್ಲಿ ಯಜಮಾನತಿಯವರೂ ಅರ್ಜಿ ಹಾಕಿದ್ದರೇ?

ತೀರ್ಥಹಳ್ಳಿ ತೋಟದಮನೆ: ಇಲ್ಲ. ನಾನೊಬ್ಬನೇ ಚೆನ್ನೈಗೆ ಹೋಗಿದ್ದೆ. ಮೊದಲು ನಾನು ಹೋಗಿ ಮಗನ ಹತ್ತಿರ ಮಾತಾಡಿ ಬರೋಣ ಎಂದು.

ವಕೀಲರು: ಹಾಗಾದರೆ ಅವರ ಕಡತ ಸ್ವಚ್ಛ. ತಂದೆ ತಾಯಿಗೆ ಮಗ ಪ್ರತ್ಯೇಕವಾಗಿ ಎರಡು ಐ-130 ಹಾಕಲೇಬೇಕು; ಒಬ್ಬರ ಅರ್ಜಿಯ ಬೆನ್ನಿಗೆ ಇನ್ನೊಬ್ಬರು ಬರುವ ಅವಕಾಶ ಈ ವರ್ಗದಲ್ಲಿಲ್ಲ. ಬೇರೆಯವರಿಗೆ ಅದು ಬರೀ ಎರಡು ಸಲದ ಖರ್ಚು. ನಿಮಗೆ ಮಾತ್ರ ಅದೇ ಊರುಗೋಲು. ನಿಮಗೆ ತಡೆ ಬಂದರೂ ಅವರಿಗೆ ವೀಸಾ ಸಿಗಬಹುದು. ಅವರು ಹೋಗಿ ಮತ್ತೆ ಕಾಯಂ ನಿವಾಸಿಯಾದರೆ, ಮಾಫಿಗೆ ಬೇಕಾದ ಬಂಧು ಅವರೇ ಆಗುತ್ತಾರೆ. ಪಾರ್ಶ್ವವಾಯುವಿನ ದಾಖಲೆಗಳು, ಅವರನ್ನು ಎಬ್ಬಿಸಿ ಕೂರಿಸುವವರು ನೀವೇ ಎಂಬುದು, ಎಲ್ಲವೂ ಆಗ ಲೆಕ್ಕಕ್ಕೆ ಬರುತ್ತವೆ. ಸಿಕ್ಕೇ ಸಿಗುತ್ತದೆ ಎನ್ನುತ್ತಿಲ್ಲ. ಮಣಿಪಾಲದ ಕಾಗದಗಳನ್ನು ಎಸೆಯಬೇಡಿ. 2023ರ ಅರ್ಜಿಯ ದೃಢೀಕರಣ ಪುಟದಲ್ಲಿ ಉತ್ತರಗಳು ಇರುವುದಿಲ್ಲ, ಪೂರ್ತಿ ಪ್ರತಿಯನ್ನು ಆ ಏಜೆಂಟರಿಂದ ಕೇಳಿ ಪಡೆಯಿರಿ. ಹೊಸ ಅರ್ಜಿಯಲ್ಲಿ ಎಲ್ಲವನ್ನೂ ಇದ್ದದ್ದು ಇದ್ದಂತೆ ಬರೆಯಬೇಕು. ಮೊದಲ ಸುಳ್ಳನ್ನು ಮುಚ್ಚಲು ಎರಡನೆಯದು ಹೇಳಿದರೆ ನನ್ನ ಹತ್ತಿರ ಬರಬೇಡಿ.

ಶಿಕಾರಿಪುರ: ಅಣ್ಣ ಪೌರ. ಅವನ ಮೂಲಕ ಬೇಗ ಆಗುತ್ತದೆ ಎನ್ನುತ್ತಾರೆ?

ವಕೀಲರು: ಯಾರು ಎನ್ನುತ್ತಾರೆ? ಒಡಹುಟ್ಟಿದವರ ವರ್ಗದಲ್ಲಿ ಭಾರತದವರಿಗೆ 2025ರಲ್ಲಿ 2006ರಲ್ಲಿ ಹಾಕಿದ ಅರ್ಜಿಗಳ ಸರದಿ ನಡೆಯುತ್ತಿತ್ತು.

ಭದ್ರಾವತಿ: ನನ್ನ ಮದುವೆ 1979ರಲ್ಲಿ, ನೋಂದಣಿ ಇಲ್ಲ. ಜನನ ಪ್ರಮಾಣಪತ್ರವೂ ಇಲ್ಲ, ಮನೆಯಲ್ಲೇ ಹುಟ್ಟಿದ್ದು. ಮಗಳು ಅರ್ಜಿ ಹಾಕುವವಳಿದ್ದಾಳೆ.

ವಕೀಲರು: ನಿಮ್ಮ ಪೀಳಿಗೆಯ ಎಲ್ಲರದೂ ಇದೇ ಸ್ಥಿತಿ, ಹೆದರಬೇಡಿ. ತಹಶೀಲ್ದಾರ್ ಕಚೇರಿಯಿಂದ ಜನನ ದಾಖಲೆ ಲಭ್ಯವಿಲ್ಲ ಎಂಬ ಪತ್ರ, ಜೊತೆಗೆ ನಿಮ್ಮ ಹುಟ್ಟನ್ನು ಬಲ್ಲ ಹಿರಿಯರ ಅಫಿಡವಿಟ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಮದುವೆಯನ್ನು ಈಗಲೂ ಉಪನೋಂದಣಾಧಿಕಾರಿಯ ಬಳಿ ನೋಂದಾಯಿಸಬಹುದು; ಲಗ್ನಪತ್ರಿಕೆ ಹುಡುಕಿ. ತಂದೆಗಾಗಿ ಹಾಕುವ ಅರ್ಜಿಗೆ ಮದುವೆಯ ಪುರಾವೆ ಬೇಕೇ ಬೇಕು. ಹೆಸರನ್ನು ಈಗಲೇ ನೋಡಿಕೊಳ್ಳಿ. ಕಳೆದ ವಾರ ಒಬ್ಬರು ತಂದ ಚೀಲದಲ್ಲಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಮೊದಲಕ್ಷರ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಮಗಳ ಜನನ ಪತ್ರದಲ್ಲಿ ಬರೀ "ಭಟ್ಟರು" ಎಂದಿತ್ತು. ಗುಮಾಸ್ತರಿಗೆ ಪರಿಚಯದವರಂತೆ.

ವಿನೋಬನಗರ, ಶಿವಮೊಗ್ಗ: ಬೆಂಗಳೂರಿನಲ್ಲೇ ಅಮೆರಿಕದ ದೂತಾವಾಸ ಬಂತಲ್ಲ, ಸಂದರ್ಶನ ಅಲ್ಲೇ ಎಂದು ಸಂದೇಶ ಬಂದಿದೆ.

ವಕೀಲರು: 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು, ವೀಸಾ ಸೇವೆ ಸದ್ಯಕ್ಕಿಲ್ಲ ಎಂದು ಆಗಲೇ ಹೇಳಿದ್ದರು. ಕುಟುಂಬ ವರ್ಗಕ್ಕೆ ಮುಂಬೈ. ಸಂದೇಶ ಕಳಿಸಿದವರಿಗೆ ನನ್ನ ನಮಸ್ಕಾರ ತಿಳಿಸಿ.

ರಿಪ್ಪನ್‌ಪೇಟೆ: ಮೇಲೆ ಓದಿದೆ, ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಒಮ್ಮೆ ಹೋಗಿ ನೋಡಿದರೆ ಏನಾಗುತ್ತದೆ?

ವಕೀಲರು: ಟಿಕೆಟಿನ ದುಡ್ಡು ಹೋಗುತ್ತದೆ.

ರಿಪ್ಪನ್‌ಪೇಟೆ: ಇಷ್ಟು ಒರಟಾಗಿ ಹೇಳುವುದಾದರೆ ಪ್ರಶ್ನೋತ್ತರ ಯಾಕೆ ಇಟ್ಟುಕೊಳ್ಳಬೇಕಿತ್ತು?

ಹೊಸನಗರ: ಅವರು ಪುಕ್ಕಟೆ ಹೇಳುತ್ತಿದ್ದಾರೆ, ಸ್ವಾಮಿ.

ಸಾಗರದ ಮೇಷ್ಟ್ರು: ಗ್ರೀನ್ ಕಾರ್ಡ್ ಮಾಡಿಸಿದರೆ ಪಹಣಿಯಿಂದ ಹೆಸರು ತೆಗೆಯುತ್ತಾರಂತಲ್ಲ? ತಿಳಿದವರು ಹೇಳಲಿ.

ಕೊಪ್ಪ: ಗ್ರೀನ್ ಕಾರ್ಡ್ ಇದ್ದವರೂ ಭಾರತದ ಪ್ರಜೆಗಳೇ. ಪಹಣಿಗೂ ಅದಕ್ಕೂ ಸಂಬಂಧವಿಲ್ಲ. ಪೌರತ್ವ ಬದಲಿಸಿದವರು ಕೃಷಿ ಜಮೀನು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಮಕ್ಕಳಿಗೆ ಪಾಠ ಮಾಡಿದವರು ಇಷ್ಟು ತಿಳಿದಿರಬೇಡವೇ?

ಸಾಗರದ ಮೇಷ್ಟ್ರು: ನಿಮ್ಮನ್ನು ಕೇಳಲಿಲ್ಲ.

ಗುಂಪಿನ ನಿರ್ವಾಹಕ: ಇಬ್ಬರೂ ಇಲ್ಲಿಗೆ ನಿಲ್ಲಿಸಿ. ಇನ್ನೊಂದು ಮಾತು ಬಂದರೆ ಅಳಿಸುತ್ತೇನೆ.

ಸೊರಬ: ಮಗನ ಸಂಬಳ ಸಾಲದಿದ್ದರೆ, ನಮ್ಮ ಖರ್ಚಿಗೆ ಹೊಣೆ ಎಂದು ಕೊಡುವ ಜಾಮೀನು ಪತ್ರಕ್ಕೆ ಅಳಿಯ ಸಹಿ ಹಾಕಬಹುದೇ? ಬೆಳಿಗ್ಗೆಯಿಂದ ಎರಡನೇ ಸಲ ಕೇಳುತ್ತಿದ್ದೇನೆ.

ತೀರ್ಥಹಳ್ಳಿ ತೋಟದಮನೆ: ಅಮ್ಮ, ಅವಳನ್ನು ಮೊದಲು ಒಬ್ಬಳನ್ನೇ ಕಳಿಸುವುದು ಹೇಗೆ? ಅವಳಿಗೆ ಎಡಗೈ ಏಳುವುದಿಲ್ಲ. ಸೀರೆಯ ನೆರಿಗೆ ಹಿಡಿದುಕೊಡುವವನೂ ನಾನೇ.

ವಕೀಲರು: ಗೊತ್ತು. ಅದನ್ನು ಇದೇ ಮಾತಿನಲ್ಲಿ ಒಂದು ಹಾಳೆಯಲ್ಲಿ ಬರೆದಿಡಿ, ಮುಂದೆ ಬೇಕಾಗುತ್ತದೆ. ಎರಡೂ ಅರ್ಜಿ ಒಟ್ಟಿಗೇ ಹೋಗಲಿ. ನಿಮಗೆ ತಡೆ ಬಾರದೆಯೂ ಇರಬಹುದು. ಬಂದರೆ ಮಾತ್ರ ಅವರು ಮುಂದೆ ಹೋಗುವ ಪ್ರಶ್ನೆ. ಅವರಿಗೆ ಈ ವಿಷಯವೆಲ್ಲ ತಿಳಿದಿದೆ ತಾನೆ?

ತೀರ್ಥಹಳ್ಳಿ ತೋಟದಮನೆ: ಇದನ್ನು ಬರೆಯುತ್ತಿರುವುದು ಅವರ ಹೆಂಡತಿ. ಅವರು ಔಷಧಿ ಹೊಡೆಸಲು ತೋಟಕ್ಕೆ ಇಳಿದಿದ್ದಾರೆ, ಮೊಬೈಲ್ ಇಲ್ಲೇ ಬಿಟ್ಟಿದ್ದಾರೆ. ಬಲಗೈಯಲ್ಲಿ ಒಂದೊಂದೇ ಅಕ್ಷರ ಒತ್ತುತ್ತಿದ್ದೇನೆ. ವೀಸಾಕ್ಕೆ ಅರ್ಜಿ ಹಾಕಿದ್ದು ನನಗೆ ಇವತ್ತು ಗೊತ್ತಾಯಿತು. ಚೆನ್ನೈಗೆ ಸೋದರತ್ತೆಯ ಮಗನ ಗೃಹಪ್ರವೇಶ ಎಂದು ಹೇಳಿ ಹೋಗಿದ್ದರು.

ವಕೀಲರು: ಅಮ್ಮ, ನಾಳೆ ಬೆಳಿಗ್ಗೆ ಹತ್ತಕ್ಕೆ ನಿರ್ವಾಹಕರ ಮೂಲಕ ನನಗೆ ಕರೆ ಮಾಡಿಸಿ. ಯಜಮಾನರೂ ಪಕ್ಕದಲ್ಲಿರಲಿ.