ಓರೆ ಮಾಡಿದರೆ ಬದಲಾಗುವ ಬಣ್ಣಕ್ಕೆ ಏನನ್ನೋಣ?

'ಇರಿಡೆಸೆಂಟ್' ಅನ್ನುವುದಕ್ಕೆ ಕನ್ನಡದಲ್ಲಿ ಏನು ಹೇಳುತ್ತೀರಿ? ಮಕ್ಕಳಿಗಾಗಿ ಪಳೆಯುಳಿಕೆಗಳ ಬಗ್ಗೆ ಬರೆಯುತ್ತಿದ್ದೇನೆ. ಈ ಒಂದೇ ಪದಕ್ಕೆ ಎರಡು ದಿನದಿಂದ ಸಿಕ್ಕಿಹಾಕಿಕೊಂಡಿದ್ದೇನೆ.

ವಿಷಯ ಇಷ್ಟು. ಇಂಗ್ಲೆಂಡಿನ ಸಾಮರ್ಸೆಟ್ ಕರಾವಳಿಯಲ್ಲಿ ವಾಚೆಟ್ ಅಂತ ಒಂದು ಊರು. ಅಲ್ಲಿ ಕಡಲಂಚಿನ ಬೂದು ಜೇಡಿಗಲ್ಲಿನ ಪದರ ಬಿಡಿಸಿದರೆ ಸೈಲೊಸೆರಾಸ್ ಎಂಬ ಅಮ್ಮೊನೈಟ್ (ಈಗ ಅಳಿದುಹೋಗಿರುವ ಚಿಪ್ಪಿನ ಕಡಲಜೀವಿಯ ಪಳೆಯುಳಿಕೆ) ಸಿಗುತ್ತದೆ. ಸುಮಾರು 20 ಕೋಟಿ ವರ್ಷ ಹಳೆಯದು. ಚಕ್ಕುಲಿ ಹಾಗೆ ಸುತ್ತಿಕೊಂಡ ಚಿಪ್ಪು, ಮೇಲಿನ ಭಾರಕ್ಕೆ ಅಪ್ಪಚ್ಚಿಯಾಗಿ ಕಲ್ಲಿಗೆ ಅಂಟಿಸಿದ ಕಾಗದದಂತೆ ಕಾಣುತ್ತದೆ. ನೇರ ಹಿಡಿದರೆ ಕೆಂಪು. ಒಂಚೂರು ಓರೆ ಮಾಡಿದರೆ ಹಸಿರು!

ಅಲ್ಲಿ ಕೆಂಪು, ಹಸಿರು ಬಣ್ಣದ ವಸ್ತು ಯಾವುದೂ ಇಲ್ಲ. ಮುತ್ತಿನ ಚಿಪ್ಪಿನ ಒಳಮೈಯಂತೆ ಅರಗೊನೈಟ್ ಖನಿಜದ ತೆಳು ಪದರಗಳು ಒಂದರ ಮೇಲೊಂದು ಕೂತಿರುತ್ತವೆ. ಬೇರೆ ಬೇರೆ ಪದರಕ್ಕೆ ಬಡಿದು ವಾಪಸಾದ ಬೆಳಕು ಒಂದರೊಳಗೊಂದು ಬೆರೆತು ಬಣ್ಣ ಹುಟ್ಟುತ್ತದೆ. ಮಳೆ ನೀರಿನ ಮೇಲೆ ಪೆಟ್ರೋಲ್ ಚೆಲ್ಲಿದಾಗ ಕಾಣುತ್ತದಲ್ವಾ, ಅದೇ ಆಟ. ಸಾಮಾನ್ಯವಾಗಿ ಕಾಲ ಕಳೆದಂತೆ ಅರಗೊನೈಟ್ ಕ್ಯಾಲ್ಸೈಟ್ ಎಂಬ ಇನ್ನೊಂದು ಖನಿಜ ಆಗಿಬಿಡುತ್ತದೆ, ಬಣ್ಣ ಹೋಗುತ್ತದೆ. ಇಲ್ಲಿ ಉಳಿದಿದೆ.

'ಹೊಳೆಯುವ' ಅಂದರೆ ಸಾಲದು, ತೊಳೆದ ಸ್ಟೀಲ್ ಲೋಟವೂ ಹೊಳೆಯುತ್ತದೆ. 'ಮಿರುಗುವ' ಅಂದರೆ ನನಗೆ ಜರಿಯೇ ಕಣ್ಣಿಗೆ ಬರುತ್ತದೆ. ಇಂಗ್ಲಿಷ್ ಪದದ ಬೇರು ಗ್ರೀಕರ ಕಾಮನಬಿಲ್ಲಿನ ದೇವತೆ ಐರಿಸ್. ಹಾಗಂತ 'ಕಾಮನಬಿಲ್ಲಿನ ಬಣ್ಣ' ಅಂದರೆ ಮಕ್ಕಳು ಸಾಲಾಗಿ ಏಳು ಪಟ್ಟಿ ಬರೆದುಬಿಡುತ್ತಾರೆ. ಬಣ್ಣ ಜಾಗ ಬದಲಿಸುವುದು ಅದರಲ್ಲಿ ಬರುವುದೇ ಇಲ್ಲ. (ಅಮ್ಮೊನೈಟಿಗೆ 'ಸಾಲಿಗ್ರಾಮ' ಅನ್ನಬಹುದಲ್ಲ ಎಂದು ಒಬ್ಬರು ಹೇಳಿದರು. ಗಂಡಕಿ ನದಿಯ ಸಾಲಿಗ್ರಾಮದಲ್ಲೂ ಅಮ್ಮೊನೈಟ್ ಇರುವುದು ನಿಜ. ಆದರೆ ಅದು ಕಪ್ಪು ಕಲ್ಲು, ದೇವರ ಪೆಟ್ಟಿಗೆಯದು. ಬೇಡ.)

ನನಗೆ ಹತ್ತಿರ ಅನಿಸಿದ್ದು ನಮ್ಮಜ್ಜಿ ತಮ್ಮ ರೇಷ್ಮೆ ಸೀರೆಗೆ ಹೇಳುತ್ತಿದ್ದ 'ನವಿಲುಗೊರಳ ಬಣ್ಣ'. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು, ಸೆರಗು ಆಡಿಸಿದರೆ ಹಸಿರು ಹೋಗಿ ನೀಲಿ. ಸೀರೆಗೆ ಬಣ್ಣ ಹಾಕಿರುತ್ತಾರೆ, ಆ ಮಾತು ಬೇರೆ. ಆದರೆ ನವಿಲಿನ ಕೊರಳಲ್ಲಿ ನೀಲಿ ಬಣ್ಣದ ವಸ್ತು ಇಲ್ಲ, ಅದೂ ಗರಿಯ ಸೂಕ್ಷ್ಮ ರಚನೆಯಿಂದ ಬರುವ ಬಣ್ಣವೇ. ಹಾಗಾಗಿ ಇದು ಬರೀ ಹೋಲಿಕೆಯಲ್ಲ, ಒಳಗಿನ ಕಾರಣವೂ ಹೊಂದುತ್ತದೆ.

ತೊಡಕು ಒಂದೇ. ನವಿಲು ಅಂದ ತಕ್ಷಣ ನೀಲಿ-ಹಸಿರು ಕಣ್ಣಿಗೆ ಬರುತ್ತದೆ, ನನ್ನ ಕಲ್ಲು ಕೆಂಪು-ಹಸಿರು. ಸದ್ಯಕ್ಕೆ ಸುಮ್ನೆ 'ಹೊರಳುಬಣ್ಣ' ಅಂತ ಬರೆದಿಟ್ಟಿದ್ದೇನೆ. ಕಿವಿಗೆ ಹೇಗಿದೆ? ಇಳಕಲ್ಲು, ಮೊಳಕಾಲ್ಮೂರು ಕಡೆಯವರು ಇದ್ದರೆ ಹೇಳಿ: ಹೀಗೆ ಎರಡು ಬಣ್ಣ ಆಡುವ ಸೀರೆಗೆ ಮಗ್ಗದವರು ಏನನ್ನುತ್ತಾರೆ?