ಟೈಟಾನಿಯಂ ಟರ್ನಿಂಗ್: ನಾಲ್ಕನೇ ಪೀಸಿಗೇ ಇನ್ಸರ್ಟ್ ಹೋಗ್ತಿದೆ, ಕೂಲೆಂಟ್ ಬದಲಾಯಿಸಬೇಕಾ?

ಹೊಸೂರು ಟರ್ನರ್:
ಹೊಸೂರಿನ ಬಾಗಲೂರು ರಸ್ತೆಯಲ್ಲಿ ನಮ್ಮದು ಚಿಕ್ಕ ಶೆಡ್, ರಾಡ್ ತಿರುಗಿಸಿ ಕಡೆಯುವ ಎರಡು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್ ಇವೆ. ಇಷ್ಟು ದಿನ ಬರೀ ಎಂಎಸ್ (ಸಾದಾ ಮೃದು ಉಕ್ಕು), ಇಎನ್8 (ಸ್ವಲ್ಪ ಗಟ್ಟಿ ಉಕ್ಕು) ಕೆಲಸ. ಹೋದ ವಾರ ಮೊದಲ ಸಲ ಗ್ರೇಡ್ 5 ಟೈಟಾನಿಯಂ (ಟೈಟಾನಿಯಂ ಮಿಶ್ರಲೋಹ) ಬಂತು, 40 ಎಂಎಂ ರಾಡ್, 60 ಪೀಸ್. 900 ಆರ್‌ಪಿಎಂ ಇಟ್ಟು ಓಡಿಸಿದೆ. ಮೂರು ಪೀಸ್ ಚೆನ್ನಾಗಿ ಬಂತು, ನಾಲ್ಕನೆಯದಕ್ಕೆ ಕಿರುಚೋಕೆ ಶುರು. ಇನ್ಸರ್ಟ್ (ಟೂಲ್‌ಗೆ ಕೂರಿಸುವ, ಲೋಹ ಕತ್ತರಿಸುವ ಚಿಕ್ಕ ಕಾರ್ಬೈಡ್ ಬಿಲ್ಲೆ) ಬಿಚ್ಚಿ ಲೆನ್ಸ್‌ನಲ್ಲಿ ನೋಡಿದರೆ ತುದಿಯಲ್ಲಿ ಗುಳಿ ಬಿದ್ದಿದೆ, ಗುಳಿಯೊಳಗೆ ಟೈಟಾನಿಯಂ ಬೆಸುಗೆ ಹಾಕಿದ ಹಾಗೆ ಅಂಟಿಕೊಂಡಿದೆ. ಕೂಲೆಂಟ್ (ತಣ್ಣಗಿಡುವ ದ್ರವ) ನಾವು ಯಾವಾಗಲೂ ಹಾಕುವ, ನೀರಿಗೆ ಎಣ್ಣೆ ಕಲೆಸಿದ ಹಾಲಿನ ಬಣ್ಣದ್ದೇ, ಧಾರಾಳವಾಗಿ ಬೀಳುತ್ತಿದೆ. ನೀಟ್ ಆಯಿಲ್‌ಗೆ (ನೀರು ಬೆರೆಸದ ಎಣ್ಣೆಗೆ) ಹೋಗಿ ಅಂತ ಒಬ್ಬರು ಹೇಳಿದರು. ಇನ್ಸರ್ಟ್ ದುಡ್ಡಿಗೇ ಕೂಲಿ ಎಲ್ಲಾ ಹೋಗುತ್ತಿದೆ, ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇ ಟೂಲ್‌ರೂಮ್:
ತಮ್ಮಾ, ಮೊದಲು ಸ್ಪೀಡ್ ಇಳಿಸು. 40 ಡಯಾಕ್ಕೆ 900 ಅಂದ್ರೆ ರಾಡ್ ಮೇಲ್ಮೈ ಟೂಲ್ ಮುಂದೆ ನಿಮಿಷಕ್ಕೆ 113 ಮೀಟರ್ ಓಡಿದ ಹಾಗಾಯ್ತು, ಇದಕ್ಕೆ 50 ಸಾಕು, ಅಂದ್ರೆ 400 ಆರ್‌ಪಿಎಂ. ಎಂಎಸ್‌ನಲ್ಲಿ ಹುಟ್ಟಿದ ಬಿಸಿ ಬಹುಪಾಲು ಚಿಪ್ಸ್ ಜೊತೆ ಹೊರಗೆ ಹೋಗುತ್ತದೆ. ಟೈಟಾನಿಯಂ ಹಾಗಲ್ಲ, ಬಿಸಿ ಸಾಗಿಸುವುದರಲ್ಲಿ ಎಂಎಸ್‌ನ ಏಳರಲ್ಲಿ ಒಂದು ಪಾಲು ಇರಬಹುದು ಅಷ್ಟೇ, ಹಾಗಾಗಿ ಬಿಸಿ ಎಲ್ಲಾ ಇನ್ಸರ್ಟ್ ತುದಿಗೇ ಬಂದು ಕೂರುತ್ತದೆ. ಅಷ್ಟು ಬಿಸಿಯಲ್ಲಿ ಅದು ಕಾರ್ಬೈಡ್‌ಗೆ ಅಂಟುತ್ತದೆ, ಕಿತ್ತು ಹೋಗುವಾಗ ಕಾರ್ಬೈಡ್ ಚೂರನ್ನೂ ಎಳೆದುಕೊಂಡು ಹೋಗುತ್ತದೆ. ನಿನ್ನ ಗುಳಿ ಅದೇ.

ಧಾರಾಳವಾಗಿ ಬೀಳುತ್ತಿದೆ ಅಂದೆಯಲ್ಲ, ಎಲ್ಲಿಗೆ ಬೀಳುತ್ತಿದೆ? ಮಿಷನ್ ನಿಲ್ಲಿಸಿ ಬರೀ ಪಂಪ್ ಹಾಕಿ ನೋಡು. ಎಷ್ಟೋ ಶೆಡ್‌ನಲ್ಲಿ ನಳಿಕೆ ರಾಡ್ ಹಿಡಿಯುವ ಚಕ್ ಕಡೆ ತಿರುಗಿರುತ್ತದೆ, ಜಾಬ್ (ಕಡೆಯುವ ಪೀಸ್) ಒದ್ದೆ, ತುದಿ ಒಣ. ಚಿಪ್ಸ್ ಇನ್ಸರ್ಟ್ ಮೇಲೆ ಮಡಚಿಕೊಂಡು ಬರುವಾಗ ಮೇಲಿನ ಧಾರೆಗೆ ಅದೇ ಅಡ್ಡ ನಿಲ್ಲುತ್ತದೆ, ಅದಕ್ಕೇ ಕೆಳಗಿನಿಂದಲೂ ಒಂದು ಪೈಪ್ ಕೊಡು. 70 ಬಾರ್ ಒತ್ತಡದ ಪಂಪ್ ಇದ್ದರೆ ಚಿಪ್ಸ್ ಅಡಿಗೇ ನುಗ್ಗಿಸಬಹುದು, ಇಲ್ಲದಿದ್ದರೂ ಗುರಿ ಸರಿ ಇದ್ದರೆ ಕೆಲಸ ಆಗುತ್ತದೆ. ಇನ್ನೊಂದು, ಫೀಡ್ (ಟೂಲ್ ಮುಂದೆ ಸಾಗುವುದು) ನಿಲ್ಲಿಸಿ ಟೂಲ್ ಸುಮ್ನೆ ಉಜ್ಜಲು ಬಿಡಬೇಡ, ಮೇಲ್ಮೈ ಗಟ್ಟಿಯಾಗುತ್ತದೆ.

ಉಪ್ಪಳದವ:
ಮಾರಾಯ್ರೇ, ನೀಟ್ ಆಯಿಲ್ ವಿಷಯದಲ್ಲಿ ಹುಷಾರು. ಎಣ್ಣೆ ಜಾರಿಕೆ ಕೊಡುತ್ತದೆ, ಆದರೆ ಬಿಸಿ ಎಳೆಯುವುದರಲ್ಲಿ ನೀರೇ ಮೇಲು. ಅದೂ ಅಲ್ಲದೆ ಟೈಟಾನಿಯಂ ಸಣ್ಣ ಚಿಪ್ಸ್‌ಗೆ ಬೆಂಕಿ ಹತ್ತುತ್ತದೆ, ಎಣ್ಣೆ ಸೇರಿದರೆ ಇನ್ನೂ ಕಷ್ಟ. ಹತ್ತಿದ ಚಿಪ್ಸ್‌ಗೆ ನೀರು ಹಾಕಲೇಬಾರದು, ಬೆಂಕಿ ಇನ್ನೂ ಜೋರಾಗುತ್ತದೆ. ಒಣ ಮರಳಿನ ಬಕೆಟ್ ಮಿಷನ್ ಪಕ್ಕದಲ್ಲೇ ಇಡಿ, ಚಿಪ್ಸ್ ದಿನವೂ ತೆಗೆಯಿರಿ. ಜಾಬ್ ವಿಮಾನದ ಭಾಗವಾದರೆ ಕ್ಲೋರಿನ್ ಇರುವ ಎಣ್ಣೆ ಒಪ್ಪುತ್ತಾರಾ ಅಂತ ಮೊದಲೇ ಕೇಳಿ. ಅದರ ಅಂಶ ಉಳಿದು ಮುಂದೆ ಬಿಸಿ, ಒತ್ತಡ ಎರಡೂ ಬಿದ್ದರೆ ಬಿರುಕು ಬಿಡುತ್ತದೆ ಅನ್ನುವ ಭಯಕ್ಕೆ ತುಂಬಾ ಕಡೆ ಬೇಡ ಅನ್ನುತ್ತಾರೆ.

ನಿಮ್ಮ ಕೂಲೆಂಟ್ ಎಷ್ಟು ಗಟ್ಟಿ ಇದೆ, ಅಂದರೆ ನೀರಿನಲ್ಲಿ ಎಣ್ಣೆ ಎಷ್ಟು? ಟೈಟಾನಿಯಂಗೆ 8ರಿಂದ 10 ಶೇಕಡಾ ಬೇಕು. ರಿಫ್ರ್ಯಾಕ್ಟೋಮೀಟರ್‌ನಲ್ಲಿ (ಒಂದು ಹನಿ ಹಾಕಿ ಗಟ್ಟಿತನ ಅಳೆಯುವ ಸಾಧನ) ನೋಡಿ, ಬಂದ ಅಂಕಿಯನ್ನು ಎಣ್ಣೆಯ ಕಂಪನಿ ಕೊಟ್ಟ ಫ್ಯಾಕ್ಟರ್‌ನಿಂದ ಗುಣಿಸಿ.

ಹೊಸೂರು ಟರ್ನರ್:
ಅಣ್ಣಂದಿರಿಗೆ ತುಂಬಾ ಥ್ಯಾಂಕ್ಸ್. ನಳಿಕೆ ನಿಜವಾಗಲೂ ಎರಡು ಬೆರಳು ಆಚೆ ಇತ್ತು. ಕೂಲೆಂಟ್ ನೋಡಿದರೆ ಬರೀ 3 ಶೇಕಡಾ, ಹುಡುಗರು ಕಡಿಮೆ ಆದಾಗಲೆಲ್ಲ ಬೋರ್ ನೀರೇ ಸುರಿದಿದ್ದಾರೆ. ಟ್ಯಾಂಕ್ ತೊಳೆದು ಆರ್‌ಓ ನೀರಲ್ಲಿ 9ಕ್ಕೆ ಕಲೆಸಿದೆ, ಕೆಳಗಿನಿಂದ ತಾಮ್ರದ ಪೈಪ್ ಕೊಟ್ಟೆ, 400ರಲ್ಲಿ ಓಡಿಸಿದೆ. ಇವತ್ತು ಇನ್ಸರ್ಟ್‌ನ ಒಂದೇ ಮೂಲೆಯಲ್ಲಿ 13 ಪೀಸ್ ಬಂತು, ಚಿಪ್ಸ್ ಬೆಳ್ಳಗೆ ಬರುತ್ತಿವೆ. ಮೊದಲು ನೀಲಿ ಇರುತ್ತಿದ್ದವು.

ಹಳೇ ಟೂಲ್‌ರೂಮ್:
ಕಲೆಸುವಾಗ ನೀರಿಗೆ ಎಣ್ಣೆ ಹಾಕಿದೆ ತಾನೇ? ಎಣ್ಣೆಗೆ ನೀರು ಸುರಿದರೆ ಒಡೆಯುತ್ತದೆ. ಮೂಲೆ ಪೂರ್ತಿ ಸಾಯುವವರೆಗೆ ಕಾಯಬೇಡ, 12 ಪೀಸಿಗೆ ಇನ್ಸರ್ಟ್ ಮುಂದಿನ ಮೂಲೆಗೆ ತಿರುಗಿಸಿಬಿಡು.