ಪದಚರ್ಚೆ: ಕರ್ನೆಲ್‌ನ ‘ಪವರ್ ಡೊಮೈನ್’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ (ಉಡುಪಿಯಿಂದ):

ನಮಸ್ಕಾರ. ಚಿಪ್ಪಿನೊಳಗೆ ಒಟ್ಟಿಗೇ ಕರೆಂಟು ಪಡೆದು ಒಟ್ಟಿಗೇ ಕಳೆದುಕೊಳ್ಳುವ ಭಾಗಗಳ ಗುಂಪಿಗೆ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್‌ನಲ್ಲಿ ‘ಪವರ್ ಡೊಮೈನ್’ ಎನ್ನುತ್ತಾರೆ. ಇದಕ್ಕೆ ‘ಶಕ್ತಿ ಕ್ಷೇತ್ರ’ ಆದೀತೇ? ಅದರ ಕೆಳಗೆ ಬರುವ ‘ಸಬ್‌ಡೊಮೈನ್’ಗೆ ಕುಟುಂಬದ ಕವಲಿಗೆ ನಮ್ಮ ಊರಿನಲ್ಲಿ ಹೇಳುವ ‘ಕವರು’ ಹೊಂದೀತೇ?

ಉತ್ತರ (ಮಂಗಳೂರಿನಿಂದ):

‘ಶಕ್ತಿ ಕ್ಷೇತ್ರ’ ಬೇಡವೇ ಬೇಡ. ಕರಾವಳಿಯಲ್ಲಿ ಆ ಮಾತು ಕೇಳಿದವರ ಮನಸ್ಸು ನೇರ ಕಟೀಲಿಗೋ ಕೊಲ್ಲೂರಿಗೋ ಹೋಗುತ್ತದೆ. ‘ವಿದ್ಯುತ್ ವಲಯ’ವನ್ನು ಪತ್ರಿಕೆಗಳು ಆಗಲೇ ಮೆಸ್ಕಾಂ, ಕೆಪಿಟಿಸಿಎಲ್ ಇರುವ ರಂಗಕ್ಕೆ ಬಳಸುತ್ತಿವೆ. ನನ್ನ ಆಯ್ಕೆ ‘ಪೂರೈಕೆ ವಲಯ’. ಒಂದೇ ಸ್ವಿಚ್ಚಿನ ಪೂರೈಕೆಯಲ್ಲಿರುವ ಗುಂಪು ಎಂಬ ಮುಖ್ಯ ಅರ್ಥ ಅದರಲ್ಲಿ ಉಳಿಯುತ್ತದೆ.

‘ಕವರು’ ನನಗೂ ಇಷ್ಟವಾದ ಪದ. ಹೆಣ್ಣಿನ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನಲ್ಲಿ ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣಿನ ಕಡೆಯಿಂದ ಇಳಿದು ಬಂದವರೆಲ್ಲ ಸೇರಿ ಒಂದು ಕವರು. 1949ರ ಅಳಿಯಸಂತಾನ ಕಾಯ್ದೆಯಲ್ಲೂ ಅದೇ ಅರ್ಥ. ಕವರಿನೊಳಗೆ ಕವರು ಇರುವುದರಿಂದ ಶ್ರೇಣಿಯ ಚಿತ್ರ ಚೆನ್ನಾಗಿ ಮೂಡುತ್ತದೆ. ಆದರೆ ಕವರಿಗೆ ತಾಯಿ ಒಬ್ಬಳೇ. ಕರ್ನೆಲ್‌ನ ಈ ಡೊಮೈನ್‌ಗಳನ್ನು ನೋಡಿಕೊಳ್ಳುವ ‘ಜೆನ್‌ಪಿಡಿ’ ಚೌಕಟ್ಟಿನಲ್ಲಿ ಒಂದು ಸಬ್‌ಡೊಮೈನ್‌ಗೆ ಮೇಲೆ ಎರಡು ಡೊಮೈನ್‌ಗಳೂ ಇರಬಹುದು. ಹಾಗಾಗಿ ‘ಮೇಲ್ವಲಯ’, ‘ಕೆಳವಲಯ’ ಎಂದರೆ ತೊಡಕಿಲ್ಲ. ಅಲ್ಲಿನ ‘ಮಾಸ್ಟರ್–ಸ್ಲೇವ್’ ಹೆಸರುಗಳೂ 2020ರಲ್ಲಿ ‘ಪೇರೆಂಟ್–ಚೈಲ್ಡ್’ ಆದವು. ಹಳೆಯ ಕೋಡು ಓದುವಾಗ ಇದು ಗೊತ್ತಿರಲಿ.

ವಿವರಣೆಗೆ 11 ಕೆವಿ ಫೀಡರಿನ ಹೋಲಿಕೆ ಕೊಡಬೇಡಿ. ಫೀಡರ್ ತೆಗೆದರೆ ಕೆಳಗಿನ ಮನೆಗಳಿಗೆಲ್ಲ ಕರೆಂಟು ಹೋಗುತ್ತದೆ, ಯಾರನ್ನೂ ಕೇಳುವುದಿಲ್ಲ. ಇಲ್ಲಿ ಮೇಲ್ವಲಯ ಕಾಯುತ್ತದೆ. ಕ್ಯಾಮೆರಾ, ವಿಡಿಯೋ ಡಿಕೋಡರ್ ಎಂಬ ಎರಡು ಕೆಳವಲಯಗಳು ಉರಿಯುತ್ತಿದ್ದರೆ ಮೇಲ್ವಲಯದ ಲೆಕ್ಕ 2. ಒಂದು ಆರಿದರೆ 1. ಲೆಕ್ಕ 0 ಆಗಿ, ತನ್ನದೇ ಸಾಧನಗಳೂ ಮಲಗಿದ ಮೇಲಷ್ಟೇ ಅದು ಆರಬಹುದು. ಆಗಲೂ, ಮತ್ತೆ ಎಚ್ಚರಗೊಳ್ಳಲು ಬೇಕಾದ ಸಮಯ ಸಾಧನದ ಮಿತಿ ಮೀರುವಂತಿದ್ದರೆ, ಆರಿಸಬಹುದೇ ಎಂದು ನಿರ್ಧರಿಸುವ ಕೋಡಾದ ‘ಗವರ್ನರ್’ ಬೇಡ ಎನ್ನಬಹುದು. ಹೊತ್ತಿಸುವಾಗ ಮೇಲಿನದು ಮೊದಲು, ಆರಿಸುವಾಗ ಕೆಳಗಿನದು ಮೊದಲು.

ಪ್ರಶ್ನೆಯಲ್ಲಿ ಇಲ್ಲದಿದ್ದರೂ ಕ್ರಿಯಾಪದಗಳ ಮಾತು ಹೇಳಲೇಬೇಕು, ಅನುವಾದಗಳು ಎಡವುವುದು ಅಲ್ಲೇ. ‘ಸಸ್ಪೆಂಡ್’ಗೂ ‘ಪವರ್ ಆಫ್’ಗೂ ‘ನಿಲ್ಲಿಸು’ ಎಂದು ಬರೆದರೆ ಓದುಗ ಮೋಸಹೋಗುತ್ತಾನೆ. ಕ್ಲಾಕ್ (ಕೆಲಸಕ್ಕೆ ತಾಳ ಹಾಕುವ ಸಂಕೇತ) ಮಾತ್ರ ನಿಂತ ಸಾಧನದ ರಿಜಿಸ್ಟರಿನಲ್ಲಿ (ಅದರೊಳಗಿನ ಪುಟ್ಟ ನೆನಪಿನ ಗೂಡಿನಲ್ಲಿ) ಬರೆದದ್ದು ಉಳಿಯುತ್ತದೆ. ವಲಯವೇ ಆರಿದರೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಸಾಧನವನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಅದನ್ನು ಮೊದಲೇ ಉಳಿಸಿಟ್ಟು, ಎದ್ದ ಮೇಲೆ ತುಂಬಬೇಕು. ಆರಿದ ವಲಯದ ರಿಜಿಸ್ಟರ್ ಓದಲು ಹೋದರೆ ಎಷ್ಟೋ ಚಿಪ್ಪುಗಳಲ್ಲಿ ಭಾಗಗಳ ನಡುವೆ ಮಾಹಿತಿ ಒಯ್ಯುವ ದಾರಿಯಾದ ಬಸ್ಸೇ ಸಿಕ್ಕಿಕೊಂಡು ಇಡೀ ಯಂತ್ರ ಸ್ತಬ್ಧವಾಗುತ್ತದೆ. ಆದ್ದರಿಂದ ಸಾಧನ ‘ಮಲಗುತ್ತದೆ’, ವಲಯ ‘ಆರುತ್ತದೆ’ ಎಂದು ಎರಡು ಪದ ಇಟ್ಟುಕೊಳ್ಳಿ.

‘ಅನ್‌ಯೂಸ್ಡ್’ಗೆ ‘ಬೇಡವಾದ’ ಅನ್ನಬೇಡಿ, ‘ಯಾರೂ ಹಿಡಿಯದ’ ಎನ್ನಿ. ಬೂಟ್ ಕೊನೆಯ ಹೊತ್ತಿಗೆ ಯಾವ ಡ್ರೈವರೂ ಹಿಡಿಯದ ವಲಯಗಳನ್ನು ಕರ್ನೆಲ್ ಆರಿಸುತ್ತದೆ. ಕರ್ನೆಲ್ಲನ್ನು ಎಬ್ಬಿಸುವ ಬೂಟ್‌ಲೋಡರ್ ಹೊತ್ತಿಸಿಟ್ಟ ಪರದೆ ಆಗ ಕಪ್ಪಾದರೆ ಆ ವಲಯ ಬೇಡವಾದದ್ದಲ್ಲ, ಅದರ ಡ್ರೈವರ್ ಇನ್ನೂ ಬಂದಿಲ್ಲ ಅಷ್ಟೆ. ಕಾರಣ ಇದೇ ಹೌದೋ ಎಂದು ನೋಡಲು ಬೂಟ್ ಸಾಲಿಗೆ (ಕರ್ನೆಲ್ ಏಳುವಾಗ ಅದಕ್ಕೆ ಕೊಡುವ ಸೂಚನೆಗಳ ಸಾಲಿಗೆ) ‘ಪಿಡಿ_ಇಗ್ನೋರ್_ಅನ್‌ಯೂಸ್ಡ್’ ಸೇರಿಸಿದರಾಯಿತು.